ಎಡಕ್ಕೆ ತಿರುಗುವ ಬೋಟು

ಹೇಕ್ ಕೋವ್ ಎಂಬ ನಮ್ಮ ಕಡಲೂರಿನ ಗಂಡಸರಿಗೆ ಟಿ.ವಿ. ಬೇಕಿಲ್ಲ. ಮಧ್ಯಾಹ್ನದ ಊಟ ಮುಗಿಸಿ ತಮ್ಮ ತಮ್ಮ ಪಿಕಪ್ ಟ್ರಕ್ಕುಗಳನ್ನು ಬೋಟು ಕಟ್ಟುವ ದಕ್ಕೆಗೆ ತಂದು, ನೀರಿನ ಕಡೆ ಮುಖ ಮಾಡಿ ಸಾಲಾಗಿ ನಿಲ್ಲಿಸುತ್ತಾರೆ. ಹೀಟರ್ ಬೇಕಲ್ಲ, ಇಂಜಿನ್ ಆರಿಸುವುದಿಲ್ಲ. ಕಾಫಿ ಹೀರುತ್ತಾ ಒಳಗೆ ಬರುವ ಬೋಟುಗಳನ್ನು ನೋಡುತ್ತಾ ಕೂರುತ್ತಾರೆ. ಯಾರು ಹೇಗೆ ತಂದು ಕಟ್ಟಿದರು, ಯಾರು ಯಾರಿಗೆ ಗುದ್ದಿದರು ಎನ್ನುವುದೇ ಅವರ ಸಿನಿಮಾ. ಆ ನವೆಂಬರಿನಲ್ಲಿ ಸಿನಿಮಾದ ನಾಯಕಿ ನಾನಾಗಿದ್ದೆ, ಅದೂ ಕಾಸು ಕೊಡದೆ ನೋಡುವ ಸಿನಿಮಾ.

ನಾನು ವೆರ್ಲಾ, ಗಾರ್ನೆಟ್‌ನ ಹೆಂಡತಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಬೋಟಿನ ಹಿಂದುಗಡೆ ನಿಂತು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಬೋನುಗಳಿಗೆ ನಾರುವ ಮೀನು ಕಟ್ಟಿದವಳು. ಬೋನು ಎಳೆಯಲು ಬರುತ್ತದೆ, ಲಾಬ್‌ಸ್ಟರ್‌ನ ಕೊಂಡಿಗಳಿಗೆ ರಬ್ಬರು ಹಾಕಲು ಬರುತ್ತದೆ, ಬೈಯಲು ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ. ನಡುಗಡಲಿನಲ್ಲಿ ಚುಕ್ಕಾಣಿ ಚಕ್ರವನ್ನೂ ಎಷ್ಟೋ ಸಲ ಹಿಡಿದಿದ್ದೇನೆ. ಅಲ್ಲಿ ಏನಿದೆ, ಗುದ್ದೋಣವೆಂದರೂ ಏನೂ ಸಿಗುವುದಿಲ್ಲ. ಬೋಟನ್ನು ದಕ್ಕೆಗೆ ತಂದು ಕಟ್ಟುವುದು ಮಾತ್ರ ಯಾವತ್ತೂ ಗಾರ್ನೆಟ್‌ನ ಕೆಲಸವಾಗಿತ್ತು.

ಆ ಬೇಸಿಗೆಯಲ್ಲಿ ಅವನ ಕಣ್ಣು ಕೈಕೊಟ್ಟಿತು. ಪೂರ್ತಿ ಕುರುಡಲ್ಲ. ನೋಟದ ನಟ್ಟನಡುವೆ ಹೊಗೆ ಕಟ್ಟಿಕೊಂಡ ಹಾಗೆ ಎನ್ನುತ್ತಾನೆ. ಅಂಚಿನಲ್ಲಿರುವುದೆಲ್ಲ ಕಾಣುತ್ತದೆ, ನೇರ ಎದುರಿಗಿರುವುದು ಕಾಣುವುದಿಲ್ಲ. ತಟ್ಟೆಯ ಪಕ್ಕದ ಚಮಚ ಕಾಣುತ್ತದೆ, ತಟ್ಟೆಯಲ್ಲಿರುವ ಮೀನು ಕಾಣುವುದಿಲ್ಲ. ನನ್ನ ಮುಖ ನೋಡಬೇಕೆಂದರೆ ಪಕ್ಕದ ಗೋಡೆಯನ್ನು ನೋಡುತ್ತಾನೆ. ಡಾಕ್ಟರು ಇನ್ನು ಚುಕ್ಕಾಣಿ ಹಿಡಿಯಬೇಡಿ ಎಂದರು. ಅವನು ಮೂರು ದಿನ ಬೋಟಿನ ಕಡೆ ಕಾಲಿಡಲಿಲ್ಲ. ಆಮೇಲೆ ಒಂದು ಸಂಜೆ ಉಪ್ಪುಮೀನು, ಆಲೂಗಡ್ಡೆ ತಿನ್ನುತ್ತಾ ಹೇಳಿದ:

"ವಿಂಕ್ ಬೋಟು ಕೇಳ್ತಿದ್ದಾನೆ. ಕೊಟ್ಟುಬಿಡೋಣ ಅಂತಿದ್ದೀನಿ."

ವಿಂಕ್ ಅವನ ದೊಡ್ಡಪ್ಪನ ಮಗ. ನಮ್ಮ ಬೋಟಿನ ಮೇಲೆ ಅವನ ಕಣ್ಣು ಬಿದ್ದು ವರ್ಷವೇ ಆಗಿತ್ತು.

"ನಾನಿಲ್ವಾ?" ಎಂದೆ.

"ಇದ್ದೀಯ. ಕಡಲಲ್ಲಿ ನೀನು ಯಾರಿಗೂ ಕಮ್ಮಿ ಇಲ್ಲ. ಆದ್ರೆ ದಕ್ಕೆಗೆ ತಂದು ಕಟ್ಟೋರ್ಯಾರು? ಆ ಇಕ್ಕಟ್ಟಿನಲ್ಲಿ?"

"ಕಲ್ತ್ಕೋತೀನಿ."

ಅವನು ಪಕ್ಕದ ಗೋಡೆಯನ್ನು ನೋಡಿದ. ಅಂದರೆ ನನ್ನನ್ನು ನೋಡಿದ.

"ಹಂಗಾಮು ಶುರುವಾಗಿ ಬೋನು ಇಳಿಸೋ ದಿನದೊಳಗೆ ನೀನೊಬ್ಳೇ ತಂದು ಕಟ್ಟಿದ್ರೆ ಇಟ್ಕೊಳ್ಳೋಣ. ಆಗ್ಲಿಲ್ಲ ಅಂದ್ರೆ ವಿಂಕ್‌ಗೆ. ಆಮೇಲೆ ಅಳಬಾರ್ದು."

"ಅಳೋದು ನಿನ್ನಪ್ಪ," ಎಂದೆ. ಆ ಬೋಟು ನನಗೆ ಬೇಕಿತ್ತು. ಮೀನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ನಿಲ್ಲುವುದು ನನ್ನಿಂದ ಸಾಧ್ಯವಿರಲಿಲ್ಲ. ಬೆಳಗ್ಗೆ ಎದ್ದು ಕಿಟಕಿಯಿಂದ ವಿಂಕ್ ನಮ್ಮ ಬೋಟಿನಲ್ಲಿ ಹೊರಡುವುದನ್ನು ನೋಡುವುದಂತೂ ಸಾಧ್ಯವೇ ಇರಲಿಲ್ಲ.

ಬೋಟಿನ ಹೆಸರು ಮಿಸ್ ಡೋರೀನ್. ಹಿಂದಿನ ವರ್ಷ ದೂರದ ಕೇಪ್ ಬ್ರೆಟನ್ ಕಡೆಯವನೊಬ್ಬನಿಂದ ಕೊಂಡದ್ದು. ಬೋಟಿನ ಹೆಸರು ಬದಲಾಯಿಸಿದರೆ ಕೇಡು ಎನ್ನುವುದು ನಮ್ಮವರ ನಂಬಿಕೆ. ಹಾಗಾಗಿ ಯಾವಳೋ ಡೋರೀನಳ ಹೆಸರು ನಮ್ಮ ಮನೆಗೆ ಬಂದು ಸೇರಿತು. ಅವಳು ಯಾರೆಂದು ನನಗೆ ಗೊತ್ತಿಲ್ಲ. ಬೋಟು ಅವಳ ಹಾಗೇ ಇದ್ದರೆ, ಅವಳ ಗಂಡ ಪುಣ್ಯಾತ್ಮ.

ನಮ್ಮ ದಕ್ಕೆ ಹೀಗಿದೆ. ಹೊರಗಿನಿಂದ ಬಂದರೆ ಎಡಕ್ಕೆ ದಕ್ಕೆ, ಬಲಕ್ಕೆ ಅಲೆ ತಡೆಯಲು ಹಾಕಿದ ಕಲ್ಲಿನ ಒಡ್ಡು, ನಡುವೆ ಇಕ್ಕಟ್ಟಾದ ನೀರು. ನಮ್ಮ ಜಾಗ ಒಳತುದಿಯಲ್ಲಿ, ವಿಂಕ್‌ನ ಬೋಟಿನ ಪಕ್ಕ. ಬೋನು ಇಳಿಸುವ ದಿನಕ್ಕೆ ಮೊದಲು ಪ್ರತಿ ಬೋಟೂ ಕಡಲಿಗೆ ಮುಖ ಮಾಡಿ ನಿಂತಿರಬೇಕು. ಅಂದರೆ ಒಳಗೆ ಬಂದವಳು ಆ ಇಕ್ಕಟ್ಟಿನಲ್ಲೇ ಬೋಟನ್ನು ಪೂರ್ತಿ ಹಿಂದು ಮುಂದು ತಿರುಗಿಸಿ, ಆಮೇಲೆ ಪಕ್ಕಕ್ಕೆ ಸರಿಸಿ ಕಟ್ಟಬೇಕು. ಹೊರಗೇ ತಿರುಗಿಸಿಕೊಂಡು ರಿವರ್ಸಿನಲ್ಲಿ ಬರೋಣವೆಂದರೆ, ಹಿಂದಕ್ಕೆ ಹೋಗುವಾಗ ಡೋರೀನ್ ಚುಕ್ಕಾಣಿಯ ಮಾತು ಕೇಳುವವಳಲ್ಲ.

ಇನ್ನೊಂದು ಇದೆ. ತಿರುಗುವುದು ಬಲಕ್ಕೇ ತಿರುಗಬೇಕು, ಸೂರ್ಯ ಹೋಗುವ ದಿಕ್ಕಿಗೆ. ಹೇಕ್ ಕೋವಿನಲ್ಲಿ ಯಾರೂ ಬೋಟನ್ನು ಎಡಸುತ್ತು ಹಾಕುವುದಿಲ್ಲ. ಅದು ಸಾವನ್ನು ಕರೆದು ಮಣೆ ಹಾಕಿ ಕೂರಿಸಿದಂತೆ.

ಮೊದಲ ದಿನ ಗಾರ್ನೆಟ್ ನನ್ನ ಪಕ್ಕದಲ್ಲೇ ನಿಂತಿದ್ದ.

"ಚಕ್ರ ಪೂರ್ತಿ ಬಲಕ್ಕೆ. ಈಗ ಮುಂದಿನ ಗೇರಲ್ಲಿ ಇಂಜಿನ್‌ಗೆ ಒಂದೇ ಒಂದು ಗುಕ್ಕು ಎಣ್ಣೆ ಕೊಡು. ಹಾಂ, ಸಾಕು! ಹಿಂಭಾಗ ತಿರುಗ್ತಾ? ಈಗ ರಿವರ್ಸ್. ಮುಂದಕ್ಕೆ ಓಡದ ಹಾಗೆ ಹಿಡಿ."

ಮುಂದಿನ ಗೇರಿನಲ್ಲಿ ಬೋಟು ಹೇಳಿದಂತೆ ಕೇಳಿತು. ಮೂತಿ ಬಲಕ್ಕೆ, ಕಲ್ಲಿನ ಒಡ್ಡಿನ ಕಡೆಗೆ ಚೆನ್ನಾಗಿಯೇ ತಿರುಗಿತು. ರಿವರ್ಸ್ ಹಾಕಿದ್ದೇ ತಡ, ತಿರುಗಿದ್ದೆಲ್ಲ ನಿಂತುಹೋಯಿತು. ನಿಂತದ್ದು ಮಾತ್ರವಲ್ಲ, ಬಂದ ದಾರಿಯಲ್ಲೇ ವಾಪಸು ತಿರುಗಲು ಶುರುಮಾಡಿತು. ಮತ್ತೆ ಮುಂದೆ, ಮತ್ತೆ ರಿವರ್ಸ್. ಮುಂದೆ ಹೋಗುವಾಗ ಗಳಿಸಿದ್ದನ್ನು ಹಿಂದೆ ಬರುವಾಗ ಕಳೆಯುತ್ತಾ ನೀರಿನ ನಡುವೆ ಅಡ್ಡಡ್ಡ ನಿಂತೆ. ನಾಲ್ಕನೆಯ ಸಲ ಹಿಂದೆ ಬಂದಾಗ ಧಡ್ ಎಂದು ವಿಂಕ್‌ನ ಬೋಟಿಗೆ ಗುದ್ದಿದೆ. ನಡುವೆ ತೂಗುಹಾಕಿದ ಹಳೇ ಟೈರುಗಳು ಕೀರ್ ಎಂದು ಕಿರುಚಿದವು.

ವಿಂಕ್ ಟ್ರಕ್ಕಿನ ಕಿಟಕಿ ಇಳಿಸಿದ.

"ವೆರ್ಲಾ, ಒಳಗೆ ಬರ್ಬೇಕು ಅಂದ್ರೆ ಬಾಗಿಲು ತಟ್ಟಿದ್ರೆ ಸಾಕಿತ್ತು!"

ಸಾಲು ಟ್ರಕ್ಕುಗಳಲ್ಲಿ ನಗು ಹಬ್ಬಿತು. ಆ ಸಾಲಿನ ಮೊದಲ ಟ್ರಕ್ಕಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಅದರಲ್ಲಿ ಕೂತಿದ್ದವರು ನನ್ನ ಮಾವ ಎಬೆನ್. ಎಂಬತ್ತು ದಾಟಿದ ಮನುಷ್ಯ. ನಗು ಬರುವ ಕಡೆಯೂ ನಗುವುದಿಲ್ಲ.

ಹೀಗೇ ನಡೆಯಿತು. ಪ್ರತಿ ಮಧ್ಯಾಹ್ನ ಹೋಗುವುದು, ಗುದ್ದುವುದು, ಬೈಸಿಕೊಳ್ಳುವುದು. ಬೋಟು ಯಾಕೋ ಒಂಥರಾ ಇದೆ ಎಂದು ಒಮ್ಮೆ ಹೇಳಿದ್ದಕ್ಕೆ ವಿಂಕ್, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದ. ಅವನಿಗೆ ಉತ್ತರವಾಗಿ ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಾರ್ನೆಟ್‌ನ ಪಾಠದಲ್ಲೂ ಏನೋ ಸರಿ ಇರಲಿಲ್ಲ. ಹಳೇ ಮರದ ಬೋಟನ್ನು ಅವನು ಕಣ್ಣು ಮುಚ್ಚಿ ತಿರುಗಿಸುತ್ತಿದ್ದ, ಎರಡೇ ಗುಕ್ಕು. ಈ ಡೋರೀನಳನ್ನು ಕಳೆದ ವರ್ಷ ತಿರುಗಿಸುವಾಗ ಅವನೂ ಹತ್ತು ಹನ್ನೆರಡು ಸಲ ಹಿಂದೆ ಮುಂದೆ ಮಾಡುತ್ತಿದ್ದುದು ನನಗೆ ನೆನಪಿಗೆ ಬಂತು. ಹಿಂದುಗಡೆ ನಿಂತು, ವಯಸ್ಸಾಯಿತು ಪಾಪ ಎಂದುಕೊಂಡಿದ್ದೆ.

ಒಂದು ದಿನ ಬೋಟು ಕಟ್ಟಿದ್ದ ಹಾಗೇ ಇಂಜಿನ್ ಬಿಸಿಯಾಗಲೆಂದು ಶುರುಮಾಡಿದೆ. ಕೈ ತಾಗಿಯೋ ಬೇಜಾರಿಗೋ ಗೇರನ್ನು ರಿವರ್ಸಿಗೆ ಹಾಕಿದೆ. ಹಗ್ಗಗಳು ಬಿಗಿದು ಬೋಟು ನಿಂತಲ್ಲೇ ನಿಂತಿತು. ಹೊರಗೆ ಬಾಗಿ ನೋಡಿದರೆ ಎಡಗಡೆ ನೀರು ಕುದಿಯುವ ಹಾಲಿನ ಹಾಗೆ ನೊರೆ ಉಕ್ಕಿಸುತ್ತಿತ್ತು. ಬಲಗಡೆ ಹೋಗಿ ನೋಡಿದರೆ ನೀರು ಸುಮ್ಮನಿತ್ತು.

ಮತ್ತೆ ಎಡಗಡೆ ಬಂದು ನೋಡಿದೆ. ಹಳೇ ಬೋಟಿನಲ್ಲಿ ನೊರೆ ಏಳುತ್ತಿದ್ದುದು ಬಲಗಡೆ. ಇಪ್ಪತ್ತು ವರ್ಷ ಆ ನೊರೆಗೆ ಮೀನಿನ ತಲೆ ಎಸೆದಿದ್ದೇನೆ, ತಪ್ಪಲು ಸಾಧ್ಯವೇ ಇಲ್ಲ. ನೊರೆ ಯಾವ ಕಡೆ ಏಳುತ್ತದೋ ಬೋಟಿನ ಹಿಂಭಾಗ ಅದರ ಎದುರು ಕಡೆಗೆ ಸರಿಯುತ್ತದೆ. ಡೋರೀನಳ ಅಡಿಯಲ್ಲಿ ನೀರು ತಳ್ಳುವ ಫ್ಯಾನು ಊರಿನ ಎಲ್ಲಾ ಬೋಟುಗಳ ಫ್ಯಾನು ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತಿತ್ತು. ರಿವರ್ಸಿನಲ್ಲಿ ಅದು ಹಿಂಭಾಗವನ್ನು ಬಲಕ್ಕೆ ಒದೆಯುತ್ತದೆ. ಹಿಂಭಾಗ ಬಲಕ್ಕೆ ಹೋದರೆ ಮೂತಿ ಎಡಕ್ಕೆ. ನಾನು ಬಲಕ್ಕೆ ತಿರುಗು ಎನ್ನುತ್ತೇನೆ, ಅವಳು ಎಡಕ್ಕೆ ಎನ್ನುತ್ತಾಳೆ. ಎತ್ತು ಏರಿಗೆ, ಕೋಣ ನೀರಿಗೆ.

ಮನೆಗೆ ಹೋದವಳೇ ಕೋಟು ಕೂಡ ಬಿಚ್ಚದೆ ಗಾರ್ನೆಟ್‌ನ ಎದುರು ನಿಂತೆ.

"ಆ ಬೋಟಿನ ಫ್ಯಾನು ಎಡಗೈದು."

ಅವನು ಕಾಕಂಬಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ. ಅದು ಮುರಿದು ಬೀಳುವವರೆಗೂ ಅದ್ದಿದ.

"ಗೊತ್ತು," ಎಂದ.

"ಗೊತ್ತಾ? ಯಾವಾಗಿಂದ?"

"ಕೊಂಡ ದಿನದಿಂದ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಮಹಾನುಭಾವ? ಇಷ್ಟು ದಿನ ಆ ವಿಂಕನ ಹತ್ರ ಮರ್ಯಾದೆ ಹರಾಜು ಹಾಕ್ಕೊಂಡ್ನಲ್ಲ!"

"ಹೇಳಿದ್ರೆ ಏನ್ಮಾಡ್ತಿದ್ದೆ? ಎಡಕ್ಕೆ ತಿರುಗಿಸ್ತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ?"

"ತಿರುಗಿಸ್ತಿದ್ದೆ! ಅವಳಿಗೆ ಬೇಕಾದ ಕಡೆ ತಿರುಗಿಸೋದ್ರಲ್ಲಿ ತಪ್ಪೇನು?"

"ಅಪ್ಪನ ಕಣ್ಣೆದುರು ತಿರುಗಿಸ್ತೀಯಾ?" ಎಂದ. "ಕಳೆದ ವರ್ಷ ಪೂರ್ತಿ ಅವಳ್ನ ಬಲಕ್ಕೇ ತಿರುಗಿಸ್ದೆ ಕಣೆ. ಬೆವರು ಕಿತ್ತು ಬರ್ತಿತ್ತು. ಆಗ ಕಣ್ಣು ಇತ್ತು, ಹೇಗೋ ಆಯ್ತು. ಅಪ್ಪಂಗೆ ಇವತ್ತಿಗೂ ಗೊತ್ತಿಲ್ಲ. ಎಡಗೈ ಬೋಟು ಕೊಂಡಿದ್ದೀನಿ ಅಂದ್ರೆ ಆವತ್ತೇ ಮಾರ್ಸಿರ್ತಿದ್ದ."

ನಾನು ಕೂತೆ. ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಅವನ ಬಗ್ಗೆ ಅಯ್ಯೋ ಎನ್ನಿಸಿತು. ಒಂದು ವರ್ಷ ಆ ಗುಟ್ಟನ್ನು ಹಲ್ಲುಕಚ್ಚಿ ತಿರುಗಿಸಿದ್ದಾನೆ ಮನುಷ್ಯ.

ಮಾವನ ತಮ್ಮ ಆಲ್ಡನ್‌ನ ಕಥೆ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಅವಸರದ ಒಂದು ಬೆಳಗ್ಗೆ ಎಡಸುತ್ತು ಹಾಕಿ ಹೊರಟ. ದಕ್ಕೆಯ ಮೇಲೆ ನಿಂತಿದ್ದ ಎಬೆನ್ ಅದನ್ನು ನೋಡಿ ಕೂಗಿದರಂತೆ, ಆಲ್ಡನ್ ನಕ್ಕು ಕೈಬೀಸಿದನಂತೆ. ಕಂಡದ್ದು ಅದೇ ಕೊನೆ. ಬೋಟಿನ ಒಂದು ಹಲಗೆಯೂ ಸಿಗಲಿಲ್ಲ. ಆವತ್ತು ಗಾಳಿಯೂ ಇತ್ತು, ಬೋಟೂ ಹಳೆಯದಾಗಿತ್ತು ಎಂದು ನಾನು ಎಷ್ಟು ಹೇಳಿದರೂ, ಅಣ್ಣನ ಕಣ್ಣಿಗೆ ಬಿದ್ದದ್ದು ಆ ಎಡಸುತ್ತು ಮಾತ್ರ.

ಮಾರನೆಯ ದಿನ ನಾನು ಡೋರೀನಳನ್ನು ಕರೆದುಕೊಂಡು ಕೊಲ್ಲಿಯ ಬಾಯಲ್ಲಿರುವ ದ್ವೀಪದ ಆಚೆ ಹೋದೆ. ಅಲ್ಲಿ ಯಾರ ಟ್ರಕ್ಕೂ ಬರುವುದಿಲ್ಲ. ಬೋನಿಗೆ ಕಟ್ಟುವ ಎರಡು ತೇಲುಗುಂಡುಗಳನ್ನು ನೀರಿಗೆ ಹಾಕಿ, ಇದು ದಕ್ಕೆ, ಇದು ವಿಂಕ್ ಎಂದು ಹೆಸರಿಟ್ಟೆ. ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಗುಕ್ಕು ಕೊಟ್ಟೆ. ಮೂತಿ ಎಡಕ್ಕೆ ಹೊರಟಿತು. ರಿವರ್ಸ್ ಹಾಕಿದೆ. ಮೂತಿ ಇನ್ನೂ ಎಡಕ್ಕೇ ಹೋಯಿತು, ಸಲೀಸಾಗಿ, ಕೇಳದೆಯೇ. ಇನ್ನೊಂದು ಗುಕ್ಕು, ಇನ್ನೊಂದು ರಿವರ್ಸ್. ನಿಂತ ಜಾಗದಲ್ಲೇ ಬೋಟು ಹಿಂದು ಮುಂದಾಗಿತ್ತು. ಆಮೇಲೆ ದಕ್ಕೆ ಎಂಬ ಗುಂಡಿನ ಹತ್ತಿರ ಓರೆಯಾಗಿ ಹೋಗಿ ರಿವರ್ಸ್ ಕೊಟ್ಟರೆ, ಹಿಂಭಾಗ ತಾನಾಗಿಯೇ ಬಲಕ್ಕೆ ಸರಿದು ಗುಂಡಿನ ಪಕ್ಕ ಒರಗಿತು. ಅವಳು ಅದಕ್ಕಾಗಿಯೇ ಕಾದಿದ್ದವಳ ಹಾಗೆ.

ನಾನು ಜೋರಾಗಿ ನಕ್ಕೆ. ಒಬ್ಬಳೇ, ನಡುನೀರಿನಲ್ಲಿ, ಹುಚ್ಚಿಯ ಹಾಗೆ. "ಅಯ್ಯೋ ನಿನ್ನ, ಮೊದ್ಲೇ ಹೇಳ್ಬಾರ್ದಿತ್ತೇನೆ!" ಎಂದು ಡೋರೀನಳ ಬೆನ್ನು ತಟ್ಟಿದೆ. ಆ ವಾರವೆಲ್ಲ ದ್ವೀಪದ ಆಚೆ ತಿರುಗಿಸಿದೆ. ವಿಂಕ್ ಎಂಬ ಗುಂಡಿಗೆ ಒಮ್ಮೆಯೂ ಗುದ್ದಲಿಲ್ಲ.

ಕಲಿತದ್ದೇನೋ ಆಯಿತು. ಕಲಿತದ್ದನ್ನು ಊರಿನಲ್ಲಿ ಮಾಡುವಂತಿರಲಿಲ್ಲ. ನಮ್ಮ ಬೋಟಿಗೆ ಕೆಲಸಕ್ಕೆ ಬರುವವರು ಡಗ್, ರಾಯ್ ಎಂಬ ಅಣ್ಣತಮ್ಮಂದಿರು. ಗಟ್ಟಿಗರು, ಮೀಸೆ ಬಂದ ಗಂಡಸರು. ಸುಮ್ಮನೆ ಕೇಳಿ ನೋಡೋಣ ಎಂದು, "ಯಾರಾದ್ರೂ ಬೋಟನ್ನ ಎಡಸುತ್ತು ಹಾಕಿದ್ರೆ ಏನ್ರೋ?" ಎಂದೆ. ಡಗ್ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ನಾವು ಆ ಬೋಟಿಗೆ ಕಾಲಿಡಲ್ಲಪ್ಪ. ಅಮ್ಮಂಗೆ ಗೊತ್ತಾದ್ರೆ ಕೊಂದೇ ಹಾಕ್ತಾಳೆ," ಎಂದ. ಬಲಕ್ಕೆ ತಿರುಗಿಸಿದರೆ ಬೋಟು ಒಪ್ಪುವುದಿಲ್ಲ, ಎಡಕ್ಕೆ ತಿರುಗಿಸಿದರೆ ಊರು ಒಪ್ಪುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ನೇರ ಹೋಗಿ ಮಾವನ ಟ್ರಕ್ಕಿನ ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅವರು ಕಾಫಿಯ ಲೋಟವನ್ನು ನನ್ನ ಕಡೆಯಿಂದ ಆ ಕಡೆಗೆ ಸರಿಸಿಟ್ಟರು.

"ಮಾವ, ನಿಮ್ಮ ಮಗ ಕೊಂಡಿರೋ ಬೋಟಿನ ಫ್ಯಾನು ಎಡಗೈದು."

ಅವರು ನೀರನ್ನೇ ನೋಡುತ್ತಿದ್ದರು. "ನೊರೆ ಎಡಗಡೆ ಏಳುತ್ತೆ. ನಂಗೆ ಕಣ್ಣಿದೆ," ಎಂದರು.

ಅಪ್ಪನಿಗೆ ಗೊತ್ತಿಲ್ಲ ಎಂದುಕೊಂಡ ಮಗ, ತನಗೆ ಗೊತ್ತಿದೆ ಎಂದು ಮಗನಿಗೆ ಹೇಳದ ಅಪ್ಪ. ಇವರ ಮನೆತನವೇ ಹೀಗೆ. ಅಲ್ಲಿಗೇ ಬಿಡದೆ ಹೇಳಿದೆ:

"ಎಡಕ್ಕಾದ್ರೆ ಅವಳು ಕರುವಿನ ಹಾಗೆ ತಿರುಗ್ತಾಳೆ. ಬಲಕ್ಕೆ ನನ್ನ ಕೈಲಿ ಆಗಲ್ಲ. ಪ್ರಯತ್ನಪಟ್ಟೆ, ಆಗಲ್ಲ. ನೀವು ಹೂಂ ಅಂದ್ರೆ ಊರು ಹೂಂ ಅನ್ನುತ್ತೆ. ಇಲ್ಲ ಅಂದ್ರೆ ಬೋಟು ವಿಂಕ್‌ಗೆ ಹೋಗುತ್ತೆ."

ಅವರು ಗಾಜಿನ ಮೇಲೆ ಕಟ್ಟಿದ ಮಂಜನ್ನು ಒರೆಸಿದರು.

"ಆಲ್ಡನ್ ನನ್ನ ನೋಡಿ ನಕ್ಕ. ಅದು ಇನ್ನೂ ಕಾಣುತ್ತೆ ನಂಗೆ," ಎಂದರು. ಆಮೇಲೆ, "ನಾನು ನೋಡ್ತಾ ಇರೋವಾಗ ಈ ದಕ್ಕೆಯಲ್ಲಿ ಬೋಟು ಎಡಕ್ಕೆ ತಿರುಗೋಕೆ ಬಿಡಲ್ಲ. ಇಳಿ ಈಗ."

ಇಳಿದೆ. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದೆ. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಕಣ್ಣೀರು ಬಂತು. ಗಾಳಿಗೆ ಎಂದು ಹೇಳಿಕೊಂಡೆ.

ಬೋನು ಇಳಿಸುವ ಹಿಂದಿನ ದಿನ ಬಂತು. ಊರೆಲ್ಲ ದಕ್ಕೆಯಲ್ಲಿತ್ತು. ನಮ್ಮ ಬೋನುಗಳನ್ನು ಕೊಲ್ಲಿಯ ಆಚೆ ಬದಿಯ ಶೆಡ್ಡಿನಲ್ಲಿ ಇಟ್ಟಿದ್ದೆವು, ಬೋಟನ್ನು ಅಲ್ಲಿಗೇ ಒಯ್ದಿದ್ದೆ. ಡಗ್, ರಾಯ್ ಇಬ್ಬರೂ ಬೆಳಗ್ಗೆಯಿಂದ ಅವನ್ನು ಹೊತ್ತು ತಂದು ಡೋರೀನಳ ಹಿಂಭಾಗದಲ್ಲಿ ಮನೆಯಷ್ಟು ಎತ್ತರಕ್ಕೆ ಪೇರಿಸಿದರು. ಪೇರಿಸಿ ಮುಗಿದ ಮೇಲೆ ಅವರು ರಸ್ತೆಯಲ್ಲಿ ದಕ್ಕೆಗೆ ಹೊರಟರು. ಗಾರ್ನೆಟ್‌ನನ್ನು ಅವನ ಅಪ್ಪ ಮೊದಲೇ ಟ್ರಕ್ಕಿನಲ್ಲಿ ಕರೆದುಕೊಂಡು ಹೋಗಿದ್ದರು. ಒಬ್ಬಳೇ ತರಬೇಕು ಎನ್ನುವುದು ಮಾತಾಗಿತ್ತಲ್ಲ. ಹೊರಡುವಾಗ ಗಾರ್ನೆಟ್ ಬೋಟಿನ ಅಂಚನ್ನು ಒಮ್ಮೆ ತಡವಿದ. "ನಿಧಾನಕ್ಕೆ ಬಾ. ಗುದ್ದೋದಾದ್ರೂ ನಿಧಾನಕ್ಕೆ ಗುದ್ದು," ಎಂದ.

ಮೋಡ ಕವಿದಿತ್ತು. ದಕ್ಕೆಯ ಕಡೆಯಿಂದ ಕಲ್ಲಿನ ಒಡ್ಡಿನ ಕಡೆಗೆ ಗಾಳಿ ಬೀಸುತ್ತಿತ್ತು. ಬಿರುಸಲ್ಲ, ಆದರೆ ಪೇರಿಸಿದ ಬೋನುಗಳು ಹಾಯಿಯಂತೆ ಅದನ್ನು ಹಿಡಿದುಕೊಳ್ಳುತ್ತಿದ್ದವು. ಒಳಗೆ ಬರುತ್ತಲೇ ನೋಡಿದೆ. ಎಡಕ್ಕೆ ಸಾಲು ಟ್ರಕ್ಕುಗಳು, ಎಂದಿಗಿಂತ ಹೆಚ್ಚು, ಎಲ್ಲದರ ಮುಖ ನನ್ನ ಕಡೆಗೆ. ಮೊದಲನೆಯದು ಮಾವನದು. ಅವರ ಪಕ್ಕ ಗಾರ್ನೆಟ್.

ಬಲಕ್ಕೇ ತಿರುಗಿಸಲು ನೋಡಿದೆ. ನಾನೂ ಈ ಊರಿನವಳೇ, ನನ್ನ ಅಜ್ಜನೂ ಬಲಕ್ಕೇ ತಿರುಗಿಸಿದವನು. ಒಂದು ಗುಕ್ಕು, ಮೂತಿ ಬಲಕ್ಕೆ. ರಿವರ್ಸ್, ಮೂತಿ ವಾಪಸು. ಅಷ್ಟರಲ್ಲಿ ಗಾಳಿ ನನ್ನನ್ನು ಒಡ್ಡಿನ ಕಡೆಗೆ ತಳ್ಳಿತ್ತು. ಇನ್ನೊಮ್ಮೆ ಮಾಡಿದೆ. ಈಗ ಕಲ್ಲುಗಳ ಮೇಲಿನ ಪಾಚಿ ಎಳೆ ಎಳೆಯಾಗಿ ಕಾಣುತ್ತಿತ್ತು. ಹೇಗೋ ಹಿಂದಕ್ಕೆ ಎಳೆದುಕೊಂಡು ನಡುನೀರಿಗೆ ಬಂದೆ. ಇನ್ನೊಂದು ಸಲ ಬಲಕ್ಕೆ ಹೋದರೆ ಕಲ್ಲಿಗೇ ಹೊಡೆಯುತ್ತೇನೆ ಎಂದು ಗೊತ್ತಾಯಿತು.

ಆಗ ಮಾವನ ಟ್ರಕ್ಕು ಅಲುಗಾಡಿತು.

ಅದು ನಿಧಾನಕ್ಕೆ ಹಿಂದೆ ಹೋಯಿತು. ಮುದುಕರು ತಿರುಗಿಸುವ ಹಾಗೆ ಎರಡು ಮೂರು ಸಲ ಹಿಂದೆ ಮುಂದೆ ಮಾಡಿ, ಪೂರ್ತಿ ತಿರುಗಿ, ನೀರಿಗೆ ಬೆನ್ನು ಹಾಕಿ ನಿಂತಿತು. ಆಮೇಲೆ ಅದರ ಪಕ್ಕದ್ದು ತಿರುಗಿತು. ಅದರ ಪಕ್ಕದ್ದು. ವಿಂಕ್‌ನದು. ಒಂದಾದ ಮೇಲೆ ಒಂದರಂತೆ ಇಡೀ ಸಾಲು ಮುಖ ತಿರುಗಿಸಿಕೊಂಡಿತು. ದಕ್ಕೆಯ ಮೇಲೆ ನಿಂತಿದ್ದ ಹೆಂಗಸರು, ಡಗ್, ರಾಯ್, ಎಲ್ಲರೂ ಊರಿನ ಕಡೆಗೆ ತಿರುಗಿ ನಿಂತರು. ನನಗೆ ಕಂಡದ್ದು ಬರೀ ಬೆನ್ನುಗಳು.

ಮುಗಿಯಿತು ಇವಳ ಕಥೆ, ಕಲ್ಲಿಗೆ ಹೊಡೆಯುವುದನ್ನು ನೋಡುವುದೇ ಬೇಡ ಎಂದು ಹೊರಟಿದ್ದಾರೆ ಎಂದುಕೊಂಡೆ. ಇಷ್ಟು ದಿನ ನಗಲಿಕ್ಕೆ ಕಣ್ಣು ಇತ್ತು, ಈಗ ಒಂದು ಹಗ್ಗ ಹಿಡಿಯಲಿಕ್ಕೂ ಯಾರೂ ಇಲ್ಲ. "ಹೋಗ್ರೋ! ಎಲ್ರೂ ಹೋಗಿ! ನಿಮ್ಮ ಸೂರ್ಯನ್ನ ನೀವೇ ಇಟ್ಕೊಳ್ಳಿ!" ಎಂದು ಕಿಟಕಿಯಿಂದ ಕಿರುಚಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಲೇ ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ.

ಒಂದು ಗುಕ್ಕು. ಮೂತಿ ಎಡಕ್ಕೆ ಬಂತು, ನೇರ ದಕ್ಕೆಗೆ, ಆ ಟ್ರಕ್ಕುಗಳ ಬೆನ್ನಿಗೆ. ರಿವರ್ಸ್. ಹಿಂಭಾಗ ಬಲಕ್ಕೆ ಸರಿಯಿತು. ಮತ್ತೆ ಗುಕ್ಕು, ಮತ್ತೆ ರಿವರ್ಸ್. ಕೊನೆಯ ಕಾಲು ಸುತ್ತಿಗೆ ಗಾಳಿ ಅಡ್ಡ ಬಂತು. ಬೋನುಗಳನ್ನು ಹಿಡಿದು ವಾಪಸು ತಳ್ಳತೊಡಗಿತು. ಹೆದರದೆ ಇನ್ನೊಂದು ಗುಕ್ಕು ಜೋರಾಗಿ ಕೊಟ್ಟೆ. ಡೋರೀನ್ ಒಮ್ಮೆ ನರಳಿ ಸುತ್ತು ಮುಗಿಸಿದಳು. ಮೂತಿ ಕಡಲಿಗೆ. ದಕ್ಕೆ ಈಗ ನನ್ನ ಬಲಕ್ಕೆ. ಓರೆಯಾಗಿ ಹತ್ತಿರ ಹೋಗಿ, ವಿಂಕ್‌ನ ಬೋಟಿಗೆ ತಾಗದ ಹಾಗೆ ನಮ್ಮ ಜಾಗದ ಎದುರು ರಿವರ್ಸ್ ಹಾಕಿದೆ. ಹಿಂಭಾಗ ತಾನಾಗಿ ದಕ್ಕೆಯ ಕಡೆಗೆ ಸರಿಯತೊಡಗಿತು.

ಆಗ ಅವನನ್ನು ನೋಡಿದೆ. ನಮ್ಮ ಜಾಗದ ಕಂಬದ ಪಕ್ಕ ಗಾರ್ನೆಟ್ ನಿಂತಿದ್ದ. ಅಷ್ಟೂ ಜನರಲ್ಲಿ ನೀರಿಗೆ ಮುಖ ಮಾಡಿದವನು ಅವನೊಬ್ಬನೇ. ಗೋಡೆ ನೋಡುತ್ತಿರಲಿಲ್ಲ, ಪಕ್ಕ ನೋಡುತ್ತಿರಲಿಲ್ಲ. ನೇರ ನನ್ನ ಕಡೆಗೇ ಮುಖ ಮಾಡಿ, ಎರಡೂ ಕೈ ಮುಂದೆ ಚಾಚಿ ನಿಂತಿದ್ದ. ನೇರ ನೋಡಿದರೆ ಅವನಿಗೆ ಏನೂ ಕಾಣುವುದಿಲ್ಲ.

ಹಗ್ಗ ಎಸೆದೆ. ಅದು ಅವನ ಎದೆಗೆ ಬಡಿಯಿತು, ಅವನು ತಬ್ಬಿ ಹಿಡಿದುಕೊಂಡ. ಕೈಗಳು ತಾವಾಗಿಯೇ ಅದನ್ನು ಕಂಬಕ್ಕೆ ಸುತ್ತಿದವು, ಎಷ್ಟೋ ವರ್ಷ ಸುತ್ತಿದ ಹಾಗೆ. ಬೋಟು ಬಂದು ಒರಗಿತು. ಇಂಜಿನ್ ಆರಿಸಿ ದಕ್ಕೆಗೆ ಹತ್ತಿದೆ.

"ಎಲ್ರೂ ಮುಖ ತಿರುಗಿಸ್ಕೊಂಡ್ರಲ್ಲೋ," ಎಂದೆ. "ನಾನೇನು ಮಾಡಿದ್ದೆ ಅಂತ?"

"ಹುಚ್ಚಿ," ಎಂದ ಅವನು. "ಅಪ್ಪ ನಿಂಗೆ ಏನಂದಿದ್ದ? ನಾನು ನೋಡ್ತಾ ಇರೋವಾಗ ಆಗಲ್ಲ ಅಂದಿದ್ದ ತಾನೆ? ನೀನು ಕಲ್ಲಿನ ಹತ್ರ ಹೋಗಿದ್ದು ನೋಡಿ, ಕಿಟಕಿ ಇಳಿಸಿ ಕೂಗಿದ. ಎಲ್ರೂ ತಿರುಗ್ರೋ, ಯಾರೂ ನೋಡದೆ ಇದ್ರೆ ಯಾರೂ ತಿರುಗಿಸಿದ ಹಾಗಲ್ಲ ಅಂತ. ವಿಂಕ್ ತಡ ಮಾಡ್ದ, ಅವನಿಗೂ ಬೈದ."

ನಾನು ಆ ಬೆನ್ನುಗಳ ಸಾಲನ್ನು ನೋಡಿದೆ. ಇನ್ನೂ ಯಾರೂ ತಿರುಗಿರಲಿಲ್ಲ. ಡಗ್ ಕಣ್ಣುಗಳ ಮೇಲೆ ಕೈ ಬೇರೆ ಇಟ್ಟುಕೊಂಡಿದ್ದ.

"ಮತ್ತೆ ನೀನು?"

"ಹಗ್ಗ ಹಿಡಿಯೋಕೆ ಯಾರಾದ್ರೂ ಬೇಕಲ್ವಾ? ಕಣ್ಣಿರೋರು ಯಾರೂ ಈ ಕಡೆ ನೋಡೋ ಹಾಗಿಲ್ಲ. ಅದಕ್ಕೆ ಅಪ್ಪ ನನ್ನ ಇಳಿಸಿ ಕಳಿಸ್ದ." ಅವನು ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು. "ಏನೂ ಕಾಣ್ಲಿಲ್ಲ ಕಣೆ. ನೀನು ಬೈಕೊಂಡು ಬರ್ತಿದ್ಯಲ್ಲ, ಎಲ್ಲಿದ್ದೀಯ ಅಂತ ಅದ್ರಲ್ಲೇ ಗೊತ್ತಾಯ್ತು. ಆದ್ರೆ ಒಂದು ಕೇಳಿಸ್ಲಿಲ್ಲ."

"ಏನು?"

"ಟೈರು ಕಿರುಚಿದ್ದು."

ಹೌದಲ್ಲ, ಟೈರು ಸದ್ದು ಮಾಡಿರಲಿಲ್ಲ. ನಾನು ಅವನ ಕೋಟಿನ ತೋಳು ಹಿಡಿದುಕೊಂಡೆ.

ಮಾವನ ಟ್ರಕ್ಕು ಒಮ್ಮೆ ಹಾರ್ನ್ ಹೊಡೆಯಿತು. ಎಲ್ಲ ಟ್ರಕ್ಕುಗಳೂ ಮತ್ತೆ ನೀರಿನ ಕಡೆಗೆ ತಿರುಗಿದವು. ಹೆಂಗಸರೂ ತಿರುಗಿದರು. ವಿಂಕ್ ಕಿಟಕಿ ಇಳಿಸಿ, ನಮ್ಮ ಬೋಟನ್ನು ಆಗಷ್ಟೇ ಕಂಡವನ ಹಾಗೆ ಹುಬ್ಬೇರಿಸಿದ.

"ಓಹೋ, ವೆರ್ಲಾ! ಯಾವಾಗ ಬಂದೆ? ಗೊತ್ತೇ ಆಗ್ಲಿಲ್ವಲ್ಲ!"

ಅವನಿಗೆ ಬೋಟು ಕೈತಪ್ಪಿತ್ತು. ಆದರೂ ಹಾಗೆ ಅಂದ. ಅವತ್ತು ಅವನಿಗೆ ನಾನು ತಿರುಗಿ ಬೈಯಲಿಲ್ಲ.

ಎಬೆನ್ ಟ್ರಕ್ಕಿನಿಂದ ಇಳಿದು, ಕೋಲೂರಿಕೊಂಡು ನಿಧಾನವಾಗಿ ನಮ್ಮ ಬಳಿಗೆ ಬಂದರು. ಹಗ್ಗವನ್ನು ಒಮ್ಮೆ ಜಗ್ಗಿ ನೋಡಿದರು. ಕಡಲಿಗೆ ಮುಖ ಮಾಡಿ ನಿಂತಿದ್ದ ಮೂತಿಯನ್ನು ನೋಡಿದರು, ಎತ್ತರಕ್ಕೆ ಪೇರಿಸಿದ ಬೋನುಗಳನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಯಾರು ತಂದು ಕಟ್ಟಿದ್ದು ಇದನ್ನ?"

"ನಾನೇ, ಮಾವ."

"ಚೆನ್ನಾಗಿ ಕಟ್ಟಿದ್ದೀಯ," ಎಂದರು. "ನಾಳೆ ನೀನೇ ತಗೊಂಡು ಹೋಗು."